ಪರದೆ ತಿರುಗದಿದ್ದರೆ ಮೊದಲು ಸ್ಕ್ರೂಡ್ರೈವರ್ ಕೆಳಗಿಡಿ
ಮೊಬೈಲ್ ರಿಪೇರಿ ಅಂಗಡಿಯವರಿಗೆ ಒಂದು ಬಹಿರಂಗ ಪತ್ರ

ಕಸುಬಿನ ಗೆಳೆಯರೇ,

ಬಸ್ ಸ್ಟ್ಯಾಂಡಿನ ಪಕ್ಕದ ಆರಡಿ ಅಂಗಡಿಯಲ್ಲಿ ಟೆಂಪರ್ ಗ್ಲಾಸ್ ಅಂಟಿಸುವವರಿಂದ ಹಿಡಿದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಬೋರ್ಡಿನ ಕೆಲಸ ಮಾಡುವವರ ತನಕ ಎಲ್ಲರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ನಾನೇನೂ ಹೊರಗಿನವನಲ್ಲ. ಟೇಪ್ ರೆಕಾರ್ಡರಿಗೆ ಬೆಲ್ಟ್ ಹಾಕುವುದರಿಂದ ಶುರುಮಾಡಿ, ಟಿ.ವಿ. ದಾಟಿ, ಕೀಪ್ಯಾಡ್ ನೋಕಿಯಾಗಳ ಕಾಲ ಕಳೆದು, ಈಗ ನಿಮ್ಮ ಹಾಗೇ ಬ್ಲೋವರ್ ಹಿಡಿದು ಕೂತಿರುವವನು. ಇಲ್ಲಿ ಬೈಗುಳ ಕಂಡರೆ ಅದು ಮನೆಯೊಳಗಿನ ಬೈಗುಳ ಅಂದುಕೊಳ್ಳಿ.

ವಿಷಯ ಚಿಕ್ಕದು. "ಸ್ಕ್ರೀನ್ ತಿರುಗ್ತಾ ಇಲ್ಲ" ಅಂತ ಬರುವ ಫೋನು. ನಮಗೆ ಅನ್ನ ಹಾಕುವುದು ಈ ದೂರಲ್ಲ. ಒಡೆದ ಡಿಸ್‌ಪ್ಲೇ, ಸಡಿಲವಾದ ಚಾರ್ಜಿಂಗ್ ಪಿನ್, ಉಬ್ಬಿದ ಬ್ಯಾಟರಿ. ಆದರೆ ನಮ್ಮ ಹೆಸರು ಕೆಡುವುದು ಈ ಚಿಲ್ಲರೆ ದೂರಿನಲ್ಲೇ ಎಂದು ನನಗೆ ಅನ್ನಿಸಿದೆ. ಒಡೆದ ಗಾಜು ಗಿರಾಕಿಯ ಕಣ್ಣಿಗೂ ಕಾಣುತ್ತದೆ, ಅಲ್ಲಿ ಸುಳ್ಳು ನಡೆಯುವುದಿಲ್ಲ. ಸೆನ್ಸರ್ ಯಾರಿಗೂ ಕಾಣುವುದಿಲ್ಲ. "ಸೆನ್ಸರ್ ಹೋಗಿದೆ" ಅಂದುಬಿಟ್ಟರೆ ಎದುರಿಗೆ ನಿಂತವರು ತಲೆಯಾಡಿಸುವುದು ಬಿಟ್ಟು ಬೇರೇನೂ ಮಾಡಲಾರರು.

ನಮ್ಮೂರಿನಲ್ಲಿ ಹೊಲಿಗೆ ಕೆಲಸ ಮಾಡುವ ಹೆಂಗಸೊಬ್ಬರು ಹೀಗೇ ಬಂದರು. ಬ್ಲೌಸ್ ಕಟಿಂಗಿನ ವಿಡಿಯೋ ಹಾಕಿಕೊಂಡು ನೋಡ್ತಾ ನೋಡ್ತಾ ಬಟ್ಟೆ ಕತ್ತರಿಸುವವರು. ಚಿತ್ರ ಅಡ್ಡ ಆಗುತ್ತಿಲ್ಲ, ಅಳತೆಯ ಅಂಕಿ ಚಿಕ್ಕದಾಗಿ ಕಾಣುತ್ತದೆ ಅನ್ನುವುದು ಅವರ ಕಷ್ಟ. ಮೊದಲು ಹೋದ ಅಂಗಡಿಯಲ್ಲಿ ಸೆನ್ಸರ್ ಹೋಗಿದೆ, ಬೋರ್ಡ್ ಕೆಲಸ, ಎರಡು ಸಾವಿರದ ಹತ್ತಿರ ಆಗುತ್ತೆ, ಫೋನು ಬಿಟ್ಟು ಹೋಗಿ ಅಂದಿದ್ದರಂತೆ.

"ಅಣ್ಣಾ, ಅಷ್ಟು ಕೊಟ್ಟು ಇದನ್ನೇ ಮಾಡಿಸೋದಾ, ಇಲ್ಲಾ ಇನ್ನೊಂದು ನೋಡ್ಕೊಳ್ಳೋದಾ?"

"ಅದಿರಲಿ ಅಕ್ಕಾ, ವಿಡಿಯೋ ಹೇಗೆ ನೋಡ್ತೀರಿ, ಒಂಚೂರು ತೋರಿಸಿ" ಅಂದೆ.

ಅವರು ಫೋನನ್ನು ಕೌಂಟರಿನ ಗಾಜಿನ ಮೇಲೆ ಅಂಗಾತ ಮಲಗಿಸಿದರು. ಮಲಗಿಸಿದಲ್ಲೇ ಎರಡು ಬೆರಳಿನಿಂದ ಕಾಲು ಸುತ್ತು ತಿರುಗಿಸಿ ನನ್ನ ಮುಖ ನೋಡಿದರು. ಚಿತ್ರ ಕದಲಲಿಲ್ಲ. ಮನೆಯಲ್ಲಿ ಕಟಿಂಗ್ ಟೇಬಲ್ಲಿನ ಮೇಲೂ ಅವರು ಮಾಡುವುದು ಇದನ್ನೇ. ನಾನು ಫೋನನ್ನು ಎತ್ತಿ, ನೆಟ್ಟಗೆ ಅಡ್ಡ ಹಿಡಿದೆ, ಚಿತ್ರ ತಿರುಗಿತು. ಹಾಗೇ ನಿಧಾನವಾಗಿ ಕೆಳಗೆ ಮಲಗಿಸಿದೆ. ತಿರುಗಿದ ಚಿತ್ರ ತಿರುಗಿದ ಹಾಗೇ ಉಳಿಯಿತು. "ಇಷ್ಟೇನಾ?" ಅಂದರು. ಇಷ್ಟೇ.

ಇದು ಜಾಣತನವಲ್ಲ, ಒಳಗೆ ಏನು ನಡೆಯುತ್ತದೆ ಅಂತ ತಿಳಿದಿದ್ದರೆ ಯಾರಿಗೂ ಹೊಳೆಯುವ ಮಾತು. ನಮ್ಮಲ್ಲಿ ಬಹಳ ಹುಡುಗರು ಐಸಿ ಕಿತ್ತು ಹಾಕುವುದನ್ನು ಕಲಿತಿದ್ದಾರೆ, ಆ ಐಸಿ ಮಾಡುವುದೇನು ಅನ್ನುವುದನ್ನು ಯಾರೂ ಹೇಳಿಕೊಟ್ಟಿಲ್ಲ. ತಪ್ಪು ಹುಡುಗರದಲ್ಲ, ಮೂರು ತಿಂಗಳ ಕೋರ್ಸು ನಡೆಸುವವರದು. ಹಾಗಾಗಿ ಸ್ವಲ್ಪ ಉದ್ದವಾದರೂ ಹೇಳುತ್ತೇನೆ.

ಪರದೆಯನ್ನು ತಿರುಗಿಸುವ ನಿರ್ಧಾರಕ್ಕೆ ಫೋನು ಮುಖ್ಯವಾಗಿ ನೆಚ್ಚಿಕೊಂಡಿರುವುದು ಆಕ್ಸಲರೋಮೀಟರನ್ನು. ಬೋರ್ಡಿನ ಮೇಲೆ ಎರಡು ಮೂರು ಮಿಲಿಮೀಟರ್ ಚೌಕದ, ಒಂದು ಮಿಲಿಮೀಟರ್ ದಪ್ಪವೂ ಇರದ ಒಂದು ಐಸಿ. ಒಳಗೆ ಸಿಲಿಕಾನಿನಲ್ಲೇ ಕೆತ್ತಿದ ಒಂದು ಪುಟ್ಟ ತೂಕ, ಸಿಲಿಕಾನಿನದೇ ಸ್ಪ್ರಿಂಗುಗಳಿಗೆ ತೂಗಿಕೊಂಡಿರುತ್ತದೆ. ಆ ತೂಕಕ್ಕೆ ಬಾಚಣಿಗೆಯ ಹಲ್ಲಿನಂಥ ಅಂಚು. ಎದುರಿಗೆ ಕದಲದ ಇನ್ನೊಂದು ಸಾಲು ಹಲ್ಲು. ಫೋನು ವಾಲಿದಾಗ ತೂಕ ಒಂದಿಷ್ಟು ಜರುಗುತ್ತದೆ, ಹಲ್ಲುಗಳ ನಡುವಿನ ಅಂತರ ಬದಲಾಗುತ್ತದೆ, ಅದರೊಂದಿಗೆ ಕೆಪಾಸಿಟೆನ್ಸೂ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದು ಭೂಮಿ ಯಾವ ಕಡೆಗಿದೆ ಅಂತ ಫೋನು ತಿಳಿದುಕೊಳ್ಳುತ್ತದೆ. ಗಾರೆ ಕೆಲಸದವರು ಗೋಡೆಗೆ ಹಿಡಿಯುವ ತೂಕದ ಗುಂಡು ಮಾಡುವ ಕೆಲಸವೂ ಇದೇ. ಈ ಜಾತಿಯ ಚಿಪ್ಪುಗಳು ಮೊದಲು ದೊಡ್ಡ ಪ್ರಮಾಣದಲ್ಲಿ ತಯಾರಾದದ್ದು 1990ರ ದಶಕದಲ್ಲಿ, ಕಾರಿನ ಏರ್‌ಬ್ಯಾಗಿಗೆ, ಡಿಕ್ಕಿಯ ಹೊಡೆತ ಗುರುತಿಸಲಿಕ್ಕೆ. 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಐಫೋನನ್ನು ಅಡ್ಡ ತಿರುಗಿಸಿ ಚಿತ್ರವೂ ಜೊತೆಗೆ ತಿರುಗಿದ್ದನ್ನು ತೋರಿಸಿದ ಮೇಲೆ ಇದಿಲ್ಲದ ಸ್ಮಾರ್ಟ್‌ಫೋನು ಸ್ಮಾರ್ಟ್‌ಫೋನೇ ಅಲ್ಲ ಅನ್ನುವ ಹಾಗಾಯಿತು.

ಈ ಐಸಿ ಕೊಡುವುದು ಮೂರು ಅಂಕಿ. ಆಂಡ್ರಾಯ್ಡ್ ಫೋನಿನಲ್ಲಿ ಎಕ್ಸ್ ಎಂದರೆ ಪರದೆಯ ಬಲಕ್ಕೆ, ವೈ ಎಂದರೆ ಮೇಲಕ್ಕೆ, ಝಡ್ ಎಂದರೆ ಪರದೆಯಿಂದ ಹೊರಕ್ಕೆ, ನೋಡುವವರ ಮುಖದ ಕಡೆಗೆ. ಫೋನನ್ನು ನೆಟ್ಟಗೆ ನಿಲ್ಲಿಸಿ ಹಿಡಿದರೆ ವೈ ಸುಮಾರು 9.8 ತೋರಿಸುತ್ತದೆ, ಉಳಿದೆರಡು ಸೊನ್ನೆಯ ಹತ್ತಿರ. ತಲೆ ಎಡಕ್ಕೆ ಬರುವಂತೆ ಅಡ್ಡ ಮಾಡಿದರೆ ಎಕ್ಸ್ 9.8, ತಲೆ ಬಲಕ್ಕಾದರೆ ಎಕ್ಸ್ ಮೈನಸ್ 9.8. ಗುರುತ್ವದ ಅಂಕಿ ಅದು. ಪುಸ್ತಕದಲ್ಲಿ 9.81 ಅಂತ ಓದಿರುತ್ತೀರಿ. ಬೆಂಗಳೂರಿನಂಥ ಎತ್ತರದ, ಭೂಮಧ್ಯರೇಖೆಗೆ ಹತ್ತಿರದ ಊರಿನಲ್ಲಿ ಅದು 9.78ರ ಆಸುಪಾಸು. ಫೋನಿನ ಸೆನ್ಸರು ಅಷ್ಟು ನಿಖರವೂ ಅಲ್ಲ, 9.6 ತೋರಿಸಿದರೂ 10 ತೋರಿಸಿದರೂ ಗಾಬರಿ ಬೇಡ. ಸುಮ್ಮನೆ ಇಟ್ಟ ಫೋನು ಮೂರೂ ಸೊನ್ನೆ ತೋರಿಸಿದರೆ ಮಾತ್ರ ಗಾಬರಿಯಾಗಿ: ಒಂದೋ ಆ ಫೋನು ಮಾಳಿಗೆಯಿಂದ ಬೀಳುತ್ತಾ ಇರಬೇಕು, ಇಲ್ಲವೇ ಸೆನ್ಸರ್ ಸತ್ತಿರಬೇಕು.

ಈಗ ಹೊಲಿಗೆಯಕ್ಕನ ಫೋನಿಗೆ ಬನ್ನಿ. ಅಂಗಾತ ಮಲಗಿದ ಫೋನಿನಲ್ಲಿ 9.8 ಪೂರ್ತಿ ಝಡ್‌ಗೆ ಹೋಗಿಬಿಡುತ್ತದೆ. ಎಕ್ಸ್, ವೈ ಎರಡೂ ಸೊನ್ನೆ. ಮಲಗಿದಲ್ಲೇ ಸುತ್ತ ತಿರುಗಿಸಿದರೆ ಆ ಸೊನ್ನೆಗಳು ಸೊನ್ನೆಗಳಾಗೇ ಉಳಿಯುತ್ತವೆ. ಎಡ ಯಾವುದು, ತಲೆ ಯಾವುದು ಅಂತ ಹೇಳಲಿಕ್ಕೆ ಸೆನ್ಸರಿನ ಹತ್ತಿರ ಏನೂ ಇಲ್ಲ. ಹಾಗಾಗಿ ಕೊನೆಗೆ ಹೇಗಿತ್ತೋ ಹಾಗೇ ಇರಲಿ ಅಂತ ಫೋನು ಬಿಟ್ಟುಬಿಡುತ್ತದೆ. ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿ ನೋಡುವವರ ದೂರು ಇದರ ತಿರುವುಮುರುವು: ಮನುಷ್ಯ ಮಲಗಿದ್ದಾನೆ ಅಂತ ಸೆನ್ಸರಿಗೆ ಗೊತ್ತಿಲ್ಲ, ಭೂಮಿ ಎಲ್ಲಿದೆ ಅಂತಷ್ಟೇ ಗೊತ್ತು, ಓದುತ್ತಿದ್ದ ಸಾಲುಗಳು ದಡಕ್ಕನೆ ಅಡ್ಡಡ್ಡ ಆಗುತ್ತವೆ. ಇದಕ್ಕೆಂದೇ 2021ರ ಆಂಡ್ರಾಯ್ಡ್ 12ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ಮುಂದಿನ ಕ್ಯಾಮೆರಾದಿಂದ ಮುಖ ನೋಡಿ ತಿರುಗುವ ವ್ಯವಸ್ಥೆ ಕೊಟ್ಟಿತು. ಇಂಥ ವ್ಯವಸ್ಥೆ ಇಲ್ಲದವರಿಗೆ ಮಲಗುವ ಮುಂಚೆ ಲಾಕ್ ಹಾಕಿಕೊಳ್ಳುವುದೇ ದಾರಿ. ಬಸ್ಸಿನಲ್ಲಿ ಫೋನು ತಡವಾಗಿ ತಿರುಗುತ್ತದೆ ಅನ್ನುವವರಿಗೂ ಉತ್ತರ ಇದರಲ್ಲೇ ಇದೆ. ಬಸ್ಸು ಗುಂಡಿಗೆ ಇಳಿದು ಎದ್ದಾಗ ಅಂಕಿಗಳು 9.8ರಿಂದ ದೂರ ಹಾರುತ್ತವೆ, ಇದು ಬರೀ ಗುರುತ್ವ ಅಲ್ಲ ಅಂತ ಆಂಡ್ರಾಯ್ಡ್ ಆ ಹೊತ್ತಿನ ಅಳತೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ರೋಗವಲ್ಲ, ವಿವೇಕ.

ಹೀಗಿರುವಾಗ ಫೋನು ಕೈಗೆ ಬಂದ ಕೂಡಲೇ ಮಾಡಬೇಕಾದ್ದೇನು? ಗಿರಾಕಿ ಎದುರಿಗೇ ನಿಂತಿರಲಿ. ಮೇಲಿಂದ ಬೆರಳು ಎಳೆದು ಆಟೋ ರೊಟೇಟ್ ನೋಡಿ. ಇದು ನಿಮಗೆ ಗೊತ್ತು, ನನಗೂ ಗೊತ್ತು, ಆದರೂ ಗಡಿಬಿಡಿಯಲ್ಲಿ ಇದನ್ನೇ ಬಿಟ್ಟು ಮುಂದೆ ಹೋದ ಫೋನುಗಳು ನಮ್ಮ ಬೆಂಚಿಗೆ ಬರುತ್ತಲೇ ಇರುತ್ತವೆ. ಐಫೋನಿನಲ್ಲಾದರೆ ಬೀಗದ ಸುತ್ತ ಬಾಣವಿರುವ ಚಿಹ್ನೆ. ಅದು ಬೆಳಗಿದ್ದರೆ ಲಾಕ್ ಇದೆ ಅಂತ. ಲಾಕ್ ಹಾಕಿದ್ದಾಗಲೂ ಫೋನನ್ನು ಅಡ್ಡ ಮಾಡಿದರೆ, 2018ರ ಆಂಡ್ರಾಯ್ಡ್ 9ರಿಂದ ಈಚೆಗೆ, ಪರದೆಯ ಮೂಲೆಯಲ್ಲಿ ಒಂದು ಪುಟ್ಟ ತಿರುಗಿಸುವ ಗುರುತು ಕ್ಷಣಹೊತ್ತು ಮೂಡುತ್ತದೆ, ಮುಟ್ಟಿದರೆ ಅಷ್ಟಕ್ಕೆ ಮಾತ್ರ ತಿರುಗುತ್ತದೆ. ವಯಸ್ಸಾದವರಿಗೆ ಇದನ್ನು ತೋರಿಸಿಕೊಡಿ; ಲಾಕ್ ಇಟ್ಟುಕೊಂಡೇ ಬೇಕಾದಾಗ ತಿರುಗಿಸಿಕೊಳ್ಳಬಹುದು. ಇನ್ನು ಈ ಗುರುತು ಮೂಡಿತು ಎಂದರೆ ಸೆನ್ಸರ್ ಬದುಕಿದೆ ಎಂದೇ ಅರ್ಥ. ಬಿಚ್ಚದೆ ಸಿಕ್ಕ ಸಾಕ್ಷಿ.

ಯಾವ ಆಪಿನಲ್ಲಿ ತಿರುಗುತ್ತಿಲ್ಲ ಅನ್ನುವುದನ್ನು ಕೇಳದೆ ಮುಂದಕ್ಕೆ ಹೋಗಬೇಡಿ. ಇನ್‌ಸ್ಟಾಗ್ರಾಂ ಫೋನಿನಲ್ಲಿ ತಿರುಗುವುದಿಲ್ಲ. ಹಣ ಕಳಿಸುವ ಆಪುಗಳು, ಬ್ಯಾಂಕಿನ ಆಪುಗಳು ಬಹುತೇಕ ಉದ್ದುದ್ದಕ್ಕೇ ಇರುವಂತೆ ಬರೆದವು. ಆಪ್ ಮಾಡಿದವರು ಒಂದು ಸಾಲು ಬರೆದು ಲಾಕ್ ಮಾಡಿದ್ದರೆ ಸೆನ್ಸರ್ ಎಷ್ಟು ಕೂಗಿಕೊಂಡರೂ ಪ್ರಯೋಜನವಿಲ್ಲ. ಹೋಂ ಸ್ಕ್ರೀನೂ ಅಷ್ಟೇ. ಬಹಳ ಫೋನುಗಳಲ್ಲಿ ಅದಕ್ಕೆ ಬೇರೆಯೇ ಸೆಟ್ಟಿಂಗ್ ಇದೆ, ಮಾಮೂಲಿಯಾಗಿ ಆಫ್ ಇರುತ್ತದೆ. ಐಫೋನಿನ ಹೋಂ ಸ್ಕ್ರೀನ್ ಕೆಲವು ಹಳೆಯ ಪ್ಲಸ್ ಮಾದರಿಗಳನ್ನು ಬಿಟ್ಟರೆ ತಿರುಗುವುದೇ ಇಲ್ಲ. ಯೂಟ್ಯೂಬಿನಲ್ಲಿ ಇದಕ್ಕೆ ಉಲ್ಟಾ: ಲಾಕ್ ಇದ್ದರೂ ಮೂಲೆಯ ಫುಲ್ ಸ್ಕ್ರೀನ್ ಗುರುತು ಮುಟ್ಟಿದರೆ ಅಡ್ಡ ಆಗುತ್ತದೆ. ಆದ್ದರಿಂದ "ಯೂಟ್ಯೂಬಿನಲ್ಲಿ ತಿರುಗುತ್ತೆ, ಬೇರೆ ಕಡೆ ಇಲ್ಲ" ಅಂತ ಗಿರಾಕಿ ಅಂದರೆ ಅದು ಸೆನ್ಸರ್ ಸರಿಯಿದೆ ಅನ್ನುವುದಕ್ಕೆ ಪುರಾವೆಯಲ್ಲ. ಇದೊಂದರಲ್ಲಿ ನುರಿತವರೂ ಎಡವುತ್ತಾರೆ.

ಟ್ಯಾಬ್ಲೆಟ್ ತಂದವರಿಗೆ ಒಂದು ಸುದ್ದಿ ಹೇಳಬಹುದು. 2025ರ ಆಂಡ್ರಾಯ್ಡ್ 16ರಿಂದ, ಆ ಆವೃತ್ತಿಗೆಂದು ಸಿದ್ಧಪಡಿಸಿದ ಆಪುಗಳು ದೊಡ್ಡ ಪರದೆಯಲ್ಲಿ ಉದ್ದುದ್ದಕ್ಕೇ ಇರುತ್ತೇನೆ ಅಂತ ಹಟ ಹಿಡಿದರೂ ಸಿಸ್ಟಂ ಅದನ್ನು ಕೇಳುವುದಿಲ್ಲ. ಆಟಗಳಿಗೆ ವಿನಾಯಿತಿ ಇದೆ. ಫೋನಿಗೆ ಇದು ಅನ್ವಯವಾಗದು.

ಇನ್ನೊಂದು ವಿಚಿತ್ರ ಇದೆ. ಆಂಡ್ರಾಯ್ಡ್ 10ರಿಂದ ಡೆವಲಪರ್ ಆಯ್ಕೆಗಳಲ್ಲಿ ಸೆನ್ಸರ್ಸ್ ಆಫ್ ಅನ್ನುವ ಒಂದು ಗುಂಡಿ ಬಂದಿದೆ. ಮನೆಯ ಮಕ್ಕಳು ಬಿಲ್ಡ್ ನಂಬರ್ ಏಳು ಸಲ ಒತ್ತಿ ಡೆವಲಪರ್ ಆಗಿ, ಈ ಗುಂಡಿಯನ್ನೂ ಒತ್ತಿಟ್ಟಿರುತ್ತಾರೆ. ಆಗ ಪರದೆ ತಿರುಗುವುದಿಲ್ಲ, ಕ್ಯಾಮೆರಾ ತೆರೆಯುವುದಿಲ್ಲ, ಮೈಕೂ ಕೇಳುವುದಿಲ್ಲ. ಬೋರ್ಡೇ ಹೋಯಿತು ಅಂತ ಅನ್ನಿಸುವ ಹಾಗೆ ಎಲ್ಲ ಲಕ್ಷಣಗಳೂ ಕೂಡಿಬರುತ್ತವೆ. ಒಂದು ಮುಟ್ಟಿನಲ್ಲಿ ಎಲ್ಲವೂ ವಾಪಸ್.

ಇಷ್ಟಾಗಿಯೂ ತಿರುಗದಿದ್ದರೆ ಒಮ್ಮೆ ರೀಸ್ಟಾರ್ಟ್, ಆಮೇಲೆ ಸೇಫ್ ಮೋಡ್. ಸೇಫ್ ಮೋಡಿನಲ್ಲಿ ತಿರುಗಿದರೆ ಯಾವುದೋ ಹೊರಗಿನ ಆಪ್ ಪರದೆಯನ್ನು ಹಿಡಿದಿಟ್ಟಿದೆ ಅಂತ. ಇತ್ತೀಚೆಗೆ ಹಾಕಿಕೊಂಡದ್ದನ್ನು ಒಂದೊಂದಾಗಿ ತೆಗೆದು ನೋಡಿ. ಅಲ್ಲೂ ತಿರುಗದಿದ್ದರೆ ಅಂಕಿ ನೋಡುವ ಸಮಯ. ಸ್ಯಾಮ್‌ಸಂಗ್‌ನಲ್ಲಿ ಡಯಲರಿಗೆ ಹೋಗಿ *#0*# ಒತ್ತಿ, ಸೆನ್ಸರ್ ತೆರೆಯಿರಿ. ಶಿಯೋಮಿಯಲ್ಲಿ *#*#6484#*#*. ಯಾವ ಕಂಪನಿಯದಾದರೂ ಸರಿ ಅನ್ನುವುದಾದರೆ ಜರ್ಮನಿಯ ಆಖೆನ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು ಭೌತಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಮಾಡಿದ ಫೈಫಾಕ್ಸ್ ಅನ್ನುವ ಆಪ್ ಇದೆ, ಪುಕ್ಕಟೆ, ಜಾಹೀರಾತಿಲ್ಲ. ಅದರಲ್ಲಿ ಗುರುತ್ವ ಸೇರಿದ ವೇಗೋತ್ಕರ್ಷದ ಪ್ರಯೋಗ ತೆರೆದರೆ ಮೂರೂ ಅಂಕಿ ಗೆರೆಯಾಗಿ ಓಡುತ್ತವೆ. ಅಂಗಾತ, ಕವುಚಿ, ಆಮೇಲೆ ನಾಲ್ಕು ಅಂಚಿನ ಮೇಲೆ ನಿಲ್ಲಿಸಿ. ಒಂದೊಂದಕ್ಕೂ ಒಂದು ಅಂಕಿ 9.8ರ ಸುತ್ತ ಏರಬೇಕು, ಎದುರು ಮಗ್ಗುಲಿಗೆ ಮೈನಸ್ ಆಗಬೇಕು. ಅಂಗಾತ 10.1, ಕವುಚಿ ಮೈನಸ್ 9.5 ಅಂತ ಬಂದರೆ ಪರವಾಗಿಲ್ಲ, ಅಷ್ಟಕ್ಕೆಲ್ಲ ಪರದೆ ತಿರುಗುವುದು ನಿಲ್ಲುವುದಿಲ್ಲ. ಹೇಗೆ ಇಟ್ಟರೂ ಒಂದೇ ಅಂಕಿಗೆ ಅಂಟಿಕೊಂಡಿದ್ದರೆ, ಅಥವಾ ಆ ಸೆನ್ಸರ್ ಪಟ್ಟಿಯಲ್ಲೇ ಇಲ್ಲದಿದ್ದರೆ, ಆಗ ಸ್ಕ್ರೂಡ್ರೈವರ್ ಎತ್ತಿಕೊಳ್ಳಿ. ಎತ್ತಿಕೊಳ್ಳುವ ಮುಂಚೆ ಗಿರಾಕಿಗೆ ಆ ಅಂಕಿ ತೋರಿಸಿ.

ನಮ್ಮ ನಡುವೆಯೇ ಓಡಾಡುವ ಕೆಲವು ದಂತಕಥೆಗಳನ್ನೂ ಇಲ್ಲೇ ಮುಗಿಸಿಬಿಡೋಣ. ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ತಿರುಗಿಸುವುದು ದಿಕ್ಸೂಚಿಗೆ, ಮ್ಯಾಪಿನಲ್ಲಿ ಬಾಣ ತಪ್ಪು ಕಡೆ ತೋರಿಸಿದಾಗ. ಪರದೆ ತಿರುಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮ್ಯಾಗ್ನೆಟ್ ಇರುವ ಕವರ್ ಕೂಡ ದಿಕ್ಸೂಚಿಯನ್ನು ಕೆಡಿಸುತ್ತದೆ, ಕೆಲವು ಫೋನಿನಲ್ಲಿ ಪರದೆಯನ್ನು ಆರಿಸುತ್ತದೆ. ಆಕ್ಸಲರೋಮೀಟರಿಗೆ ಅದರ ಹಂಗಿಲ್ಲ. ಕಡಿಮೆ ಬೆಲೆಯ ಫೋನಿನಲ್ಲಿ ತಿರುಗುವ ವೇಗ ಅಳೆಯುವ ಜೈರೋ ಇಲ್ಲ, ಅದಕ್ಕೇ ತಿರುಗುವುದಿಲ್ಲ ಅನ್ನುವುದೂ ತಪ್ಪು. ಜೈರೋ ಇಲ್ಲದಿದ್ದರೆ 360 ಡಿಗ್ರಿ ವಿಡಿಯೋ ಕೈಯ ಜೊತೆ ಸರಿಯಾಗಿ ತಿರುಗುವುದಿಲ್ಲ, ಗೇಮಿನಲ್ಲಿ ಫೋನು ವಾಲಿಸಿ ಗುರಿ ಹಿಡಿಯಲಾಗುವುದಿಲ್ಲ. ಪರದೆ ಅಡ್ಡ ಆಗಲಿಕ್ಕೆ ಆಕ್ಸಲರೋಮೀಟರ್ ಒಂದೇ ಸಾಕು. ಪ್ಲೇ ಸ್ಟೋರಿನ ಕ್ಯಾಲಿಬ್ರೇಷನ್ ಆಪುಗಳ ಬಗ್ಗೆ ಹೇಳುವುದಾದರೆ, ರೂಟ್ ಮಾಡದ ಫೋನಿನಲ್ಲಿ ಸಿಸ್ಟಮ್ಮಿನ ಕ್ಯಾಲಿಬ್ರೇಷನ್ ತಿದ್ದುವ ಅಧಿಕಾರವೇ ಹೊರಗಿನ ಆಪಿಗೆ ಇಲ್ಲ. ಅವು ತೋರಿಸುವುದು ಹೆಚ್ಚಾಗಿ ಜಾಹೀರಾತು.

ಎಲ್ಲಕ್ಕಿಂತ ಕೆಟ್ಟ ದಂತಕಥೆ "ಕಾಂಬೋ ಚೇಂಜ್ ಮಾಡಿದರೆ ಸರಿಹೋಗುತ್ತೆ" ಅನ್ನುವುದು, ಅಂದರೆ ಡಿಸ್‌ಪ್ಲೇಯನ್ನೇ ಪೂರ್ತಿ ಬದಲಿಸುವುದು. ಸಾಮಾನ್ಯವಾಗಿ ಆಕ್ಸಲರೋಮೀಟರ್ ಇರುವುದು ಮೇನ್ ಬೋರ್ಡಿನ ಮೇಲೆ, ಡಿಸ್‌ಪ್ಲೇಯಲ್ಲಲ್ಲ. ಡಿಸ್‌ಪ್ಲೇ ಬದಲಿಸಿದ ಮೇಲೆ ತಿರುಗತೊಡಗಿತು ಅಂತಾದರೆ ಅದು ಬಹುಮಟ್ಟಿಗೆ ಬ್ಯಾಟರಿ ತೆಗೆದು ಹಾಕಿದ್ದರಿಂದ ಆದ ರೀಸ್ಟಾರ್ಟಿನ ಫಲ. ಒಂದು ರೀಸ್ಟಾರ್ಟಿಗೆ ಸಾವಿರಾರು ರೂಪಾಯಿ ತೆಗೆದುಕೊಂಡವರು ನಮ್ಮಲ್ಲಿ ಇದ್ದಾರೆ. ಕೆಲವರು ಗೊತ್ತಿಲ್ಲದೆ, ಕೆಲವರು ಗೊತ್ತಿದ್ದೇ.

ನಿಜವಾದ ಹಾರ್ಡ್‌ವೇರ್ ದೋಷ ಇಲ್ಲವೆಂದಲ್ಲ. ಬಿದ್ದ ಫೋನಿನಲ್ಲಿ ಚಿಪ್ಪಿನೊಳಗಿನ ಸ್ಪ್ರಿಂಗಿಗಿಂತ ಮೊದಲು ಅದನ್ನು ಬೋರ್ಡಿಗೆ ಹಿಡಿದಿರುವ ಬೆಸುಗೆಯನ್ನು ಅನುಮಾನಿಸಿ. ನೀರು ಕುಡಿದ ಫೋನಿನಲ್ಲಿ ಕಿಲುಬು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮಳೆಗಾಲ ಪೂರ್ತಿ ಇದೇ ಕೆಲಸ. ಒಂದು ಗುರುತು ಹೇಳುತ್ತೇನೆ. ಆಕ್ಸಲರೋಮೀಟರ್ ಒಂದೇ ಸತ್ತಿದ್ದರೆ ಆ ಐಸಿಯ ಕಡೆ ನೋಡಿ. ದಿಕ್ಸೂಚಿ, ಬೆಳಕಿನ ಸೆನ್ಸರ್, ಕರೆ ಮಾಡುವಾಗ ಪರದೆ ಆರಿಸುವ ಪ್ರಾಕ್ಸಿಮಿಟಿ ಎಲ್ಲವೂ ಒಟ್ಟಿಗೆ ಸತ್ತಿದ್ದರೆ ಇವೆಲ್ಲ ಹಂಚಿಕೊಂಡಿರುವ ಪವರ್ ಅಥವಾ ಡೇಟಾ ಲೈನ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಆಗ ಐಸಿ ಬದಲಿಸಿದರೆ ದುಡ್ಡೂ ದಂಡ, ಬೋರ್ಡಿಗೆ ಕಾವೂ ದಂಡ.

ಇಲ್ಲಿ ನಾವೇ ಮಾಡುವ ಕೊಲೆಗಳ ಮಾತು ಬಂತು. ನೀರಿಗೆ ಬಿದ್ದ ಬೋರ್ಡನ್ನು ಅಲ್ಟ್ರಾಸೋನಿಕ್ ತೊಟ್ಟಿಗೆ ಹಾಕುವುದು ನಮ್ಮಲ್ಲಿ ವಾಡಿಕೆ. ಕಿಲುಬು ಚೆನ್ನಾಗಿ ಬಿಡುತ್ತದೆ, ನಿಜ. ಆದರೆ ಆ ಕಂಪನ ಸ್ಪ್ರಿಂಗಿಗೆ ತೂಗಿದ ಆ ಪುಟ್ಟ ತೂಕಕ್ಕೂ ತಾಗುತ್ತದೆ. ಆಕ್ಸಲರೋಮೀಟರ್, ಜೈರೋ, ಮೈಕ್ ಮೂರೂ ಇದೇ ಜಾತಿಯವು. ಇಂಥ ಭಾಗಗಳಿಗೆ ಅಲ್ಟ್ರಾಸೋನಿಕ್ ಬೇಡ ಅಂತ ತಯಾರಕರೇ ತಮ್ಮ ಮಾಹಿತಿ ಹಾಳೆಗಳಲ್ಲಿ ಎಚ್ಚರಿಸುತ್ತಾರೆ. ಫೋನು ಆನ್ ಆಯಿತು ಅಂತ ನಾವು ಗೆದ್ದೆವು ಅಂದುಕೊಳ್ಳುತ್ತೇವೆ. ಎರಡು ದಿನ ಬಿಟ್ಟು ಗಿರಾಕಿ ಬಂದು ಸ್ಕ್ರೀನ್ ತಿರುಗ್ತಿಲ್ಲ, ನನ್ನ ಮಾತು ಆ ಕಡೆಯವರಿಗೆ ಕೇಳ್ತಿಲ್ಲ ಅನ್ನುತ್ತಾರೆ. "ನೀರು ಹೋಗಿತ್ತಲ್ಲ ಸಾರ್" ಅಂತ ಕೈ ತೊಳೆದುಕೊಳ್ಳುತ್ತೇವೆ. ಮೆತ್ತಗಿನ ಬ್ರಷ್ಷು, ಐಪಿಎ ಆಲ್ಕೋಹಾಲ್, ಸಹನೆ: ನಿಧಾನವಾದರೂ ಈ ಮೂರರಲ್ಲಿ ಕೆಲಸ ಮುಗಿಯುವ ಬೋರ್ಡುಗಳೇ ಜಾಸ್ತಿ. ತೊಟ್ಟಿ ಬೇಕೇ ಬೇಕು ಅನ್ನುವ ಸ್ಥಿತಿ ಇದ್ದರೆ ಮೊದಲೇ ಗಿರಾಕಿಗೆ ಹೇಳಿ. ಪಕ್ಕದ ಭಾಗಕ್ಕೆ ಬ್ಲೋವರ್ ಹಿಡಿಯುವಾಗಲೂ ಸೆನ್ಸರಿನ ಮೇಲೆ ಕಾವುತಡೆಯುವ ಟೇಪ್ ಹಾಕಿ, ಬಿಸಿಯಿದ್ದಾಗ ಚಿಮುಟದಿಂದ ಅದನ್ನು ಅದುಮಬೇಡಿ. ಬೋರ್ಡು ಬಾಗುವ ಹಾಗೆ ಸ್ಕ್ರೂ ಬಿಗಿಮಾಡಿದರೂ ಅಂಕಿ ಸರಿಯುತ್ತದೆ.

ನಾವು ಮಾಡುವ ಎರಡನೆಯ ಕೊಲೆ ಸಾಫ್ಟ್‌ವೇರ್ ಹಾಕುವವರದು. ಕ್ವಾಲ್ಕಾಮ್ ಚಿಪ್ಪಿನ ರೆಡ್‌ಮಿ, ಪೋಕೋ ತರಹದ ಫೋನುಗಳಲ್ಲಿ ಪರ್ಸಿಸ್ಟ್ ಅನ್ನುವ ಒಂದು ಪಾರ್ಟಿಷನ್ ಇರುತ್ತದೆ. ಸೆನ್ಸರುಗಳ ಕ್ಯಾಲಿಬ್ರೇಷನ್ ಫ್ಯಾಕ್ಟರಿಯಲ್ಲಿ ಬರೆದಿಟ್ಟದ್ದು ಅದರಲ್ಲಿ. ಅದನ್ನು ಅಳಿಸಿದರೆ, ಇಲ್ಲವೇ ಬೇರೆ ಫೋನಿನದ್ದನ್ನು ಬರೆದರೆ, ಫೋನು ಚೆನ್ನಾಗಿ ಆನ್ ಆಗುತ್ತದೆ, ಸಿಮ್ ಹಿಡಿಯುತ್ತದೆ, ಹಾಡೂ ಹಾಡುತ್ತದೆ. ಪರದೆ ಮಾತ್ರ ತಿರುಗುವುದಿಲ್ಲ, ಬ್ರೈಟ್‌ನೆಸ್ ತನ್ನಷ್ಟಕ್ಕೆ ಬದಲಾಗುವುದಿಲ್ಲ. ಐಸಿ ಸರಿಯಿದ್ದೂ ಸತ್ತಂತೆ. ಆಮೇಲೆ ಯಾರೋ ಒಬ್ಬರು ಆ ಒಳ್ಳೆಯ ಐಸಿಯನ್ನೂ ಕಿತ್ತು ಇನ್ನೊಂದು ಹಾಕುತ್ತಾರೆ, ಅದೂ ಕೆಲಸ ಮಾಡುವುದಿಲ್ಲ, "ಬೋರ್ಡೇ ಹೋಗಿದೆ" ಅನ್ನುವ ತೀರ್ಪು ಹೊರಬೀಳುತ್ತದೆ. ಫ್ಲ್ಯಾಶ್ ಮಾಡುವ ಮುಂಚೆ ಪರ್ಸಿಸ್ಟ್ ಬ್ಯಾಕಪ್ ತೆಗೆದಿಡಿ. ನಾಲ್ಕೈದು ನಿಮಿಷದ ಕೆಲಸ. ಅದನ್ನು ಫೋನಿನ ಐಎಂಇಐ ಹೆಸರಿನಲ್ಲಿ ಕಂಪ್ಯೂಟರಿನಲ್ಲಿ ಇಟ್ಟರೆ ಮುಂದೆ ಯಾರಾದರೂ ಹಾಳುಮಾಡಿದರೂ ನಿಮ್ಮ ಹತ್ತಿರ ಮೂಲ ಇರುತ್ತದೆ.

ಈಗ ಕಹಿ ಮಾತಿಗೆ ಬರುತ್ತೇನೆ. ಇದನ್ನೆಲ್ಲ ಓದಿ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು: "ಒಂದು ಬೆರಳಿನ ಕೆಲಸ ಅಂತ ತೋರಿಸಿ ಕಳಿಸಿದರೆ ಅಂಗಡಿ ಬಾಡಿಗೆ ಯಾರು ಕಟ್ಟುತ್ತಾರೆ?" ನ್ಯಾಯವಾದ ಪ್ರಶ್ನೆ. ಬೆಳಗಿನಿಂದ ನಾಲ್ಕು ಜನಕ್ಕೆ ಪುಕ್ಕಟೆ ಆಟೋ ರೊಟೇಟ್ ಆನ್ ಮಾಡಿಕೊಟ್ಟರೆ ಅವರು "ಥ್ಯಾಂಕ್ಸ್ ಅಣ್ಣಾ" ಅಂದು ಹೋಗುತ್ತಾರೆ, ಆ ಥ್ಯಾಂಕ್ಸಿನಿಂದ ಕರೆಂಟ್ ಬಿಲ್ ಕಟ್ಟಲಾಗುವುದಿಲ್ಲ. ಸುಳ್ಳು ಹುಟ್ಟುವುದು ಹೆಚ್ಚಾಗಿ ಇಲ್ಲೇ, ದುರಾಸೆಯಲ್ಲಲ್ಲ. ಗೊತ್ತಿರುವುದಕ್ಕೆ ದುಡ್ಡು ಕೇಳಲು ನಮಗೆ ನಾಚಿಕೆ. ಹಾಗಾಗಿ ಮಾಡದ ಕೆಲಸಕ್ಕೆ ಕೇಳುತ್ತೇವೆ. ಫೋನನ್ನು ಒಳಗೆ ಒಯ್ದು, ಹತ್ತು ನಿಮಿಷ ಕಳೆದು, ಬೆವರು ಒರೆಸಿಕೊಂಡು ಹೊರಗೆ ಬಂದು "ಸೆನ್ಸರ್ ಸರಿಮಾಡಿದೆ" ಅನ್ನುವ ನಾಟಕ ಎಲ್ಲರೂ ನೋಡಿದ್ದೇವೆ.

ನಾಚಿಕೆ ಬಿಡಿ. ಟಿ.ವಿ. ರಿಪೇರಿಯ ಕಾಲದಲ್ಲಿ ಮನೆಗೆ ಹೋದರೆ ವಿಸಿಟಿಂಗ್ ಚಾರ್ಜ್ ಅಂತ ತೆಗೆದುಕೊಳ್ಳುತ್ತಿದ್ದೆವು. ಹೋಗಿ ನೋಡಿದರೆ ಆಂಟೆನಾ ವೈರ್ ಕಿತ್ತಿರುತ್ತಿತ್ತು, ಸಿಕ್ಕಿಸಿ ಬರುತ್ತಿದ್ದೆವು, ದುಡ್ಡು ಕೊಡಲು ಯಾರೂ ತಕರಾರು ಮಾಡುತ್ತಿರಲಿಲ್ಲ. ಮೊಬೈಲ್ ಬಂದ ಮೇಲೆ ಆ ಪದ್ಧತಿ ಯಾಕೆ ಹೋಯಿತೋ ಕಾಣೆ. ಕೌಂಟರಿನ ಮೇಲೆ ಎದ್ದು ಕಾಣುವ ಹಾಗೆ ಬರೆದು ಹಾಕಿ: ತಪಾಸಣೆಗೆ ಇಷ್ಟು, ರಿಪೇರಿ ಆದರೆ ಅದರಲ್ಲಿ ಕಳೆಯುತ್ತೇವೆ. ಐವತ್ತೋ ನೂರೋ, ನಿಮ್ಮೂರಿಗೆ ಒಗ್ಗುವಷ್ಟು. ನಾನು ಹಾಕಿದ್ದೇನೆ. ಚೌಕಾಸಿ ಮಾಡುವವರು ಇದ್ದೇ ಇರುತ್ತಾರೆ. ಆದರೆ ಅಂಕಿಗಳು ತಮ್ಮ ಕಣ್ಣೆದುರಿಗೇ ಓಡುವುದನ್ನು ಕಂಡವರು ಕೊಟ್ಟೇ ಹೋಗುತ್ತಾರೆ, ಮತ್ತೊಮ್ಮೆ ಡಿಸ್‌ಪ್ಲೇ ಒಡೆದಾಗ ನೇರ ಇಲ್ಲಿಗೇ ಬರುತ್ತಾರೆ. ಹೊಲಿಗೆಯಕ್ಕ ಅಂದೇ ಮಗಳ ಫೋನಿಗೆ ಒಂದು ಕವರು, ಗ್ಲಾಸು ಎರಡೂ ಹಾಕಿಸಿಕೊಂಡು ಹೋದರು.

ಫೋನನ್ನು ಒಳಗೆ ಒಯ್ಯಬೇಡಿ ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. ಜನರ ಫೋಟೋ, ಬ್ಯಾಂಕು, ಮಾತುಕತೆ ಎಲ್ಲ ಅದರಲ್ಲಿದೆ. ಲಾಕ್ ತೆಗೆದು ನಮ್ಮ ಕೈಗೆ ಕೊಡುವಾಗ, ಅದರಲ್ಲೂ ಹೆಣ್ಣುಮಕ್ಕಳಿಗೆ, ಎಷ್ಟು ಇರಿಸುಮುರಿಸು ಅನ್ನುವುದು ಅವರ ಮುಖದಲ್ಲೇ ಗೊತ್ತಾಗುತ್ತದೆ. ತಿರುಗುವ ಪರೀಕ್ಷೆಗೆ ಏನನ್ನೂ ತೆರೆದು ನೋಡಬೇಕಿಲ್ಲ. ಬೋರ್ಡಿನ ಕೆಲಸಕ್ಕೆ ಬಿಟ್ಟು ಹೋಗಲೇಬೇಕಾದರೆ ಸ್ಯಾಮ್‌ಸಂಗ್‌ನಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರಿ ಮೋಡ್ ಇದೆ. ಹಾಕಿದರೆ ಫೋಟೋ, ಮೆಸೇಜ್ ಒಂದೂ ನಮಗೆ ಕಾಣುವುದಿಲ್ಲ, ಪರೀಕ್ಷೆ ಮಾತ್ರ ಮಾಡಬಹುದು. ಅವರು ಕೇಳುವ ಮುಂಚೆ ನೀವೇ ಹಾಕಿಸಿ.

ಐಸಿ ಬದಲಿಸಿದ್ದೇ ಆದರೆ ಬಿಲ್ಲಿನಲ್ಲಿ ಎರಡು ಸಾಲು ಬರೆಯಿರಿ: ಮೊದಲು ಮೂರು ಅಂಕಿ ಎಷ್ಟಿದ್ದವು, ಈಗ ಎಷ್ಟಿವೆ. ಕಿತ್ತ ಐಸಿಯನ್ನು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡಿ. ಅವರು ಅದನ್ನು ಬಿಸಾಡಬಹುದು, ಬಿಸಾಡಲಿ.

ಪರ್ಸಿಸ್ಟ್ ಬ್ಯಾಕಪ್ ತೆಗೆಯುವುದು ಗೊತ್ತಿಲ್ಲದ ಹುಡುಗರು ಯಾವ ಭಾನುವಾರ ಬೇಕಾದರೂ ಅಂಗಡಿಗೆ ಬನ್ನಿ. ಬರುವಾಗ ಗುಜರಿಗೆ ಹಾಕುವ ಒಂದು ರೆಡ್‌ಮಿ ಬೋರ್ಡ್ ತನ್ನಿ, ಕೇಬಲ್ ನನ್ನ ಹತ್ತಿರ ಇದೆ. ಹನ್ನೊಂದರ ಮೇಲೆ ಬಂದರೆ ಒಳ್ಳೆಯದು, ಅಷ್ಟು ಹೊತ್ತಿಗೆ ಎದುರಿನ ಕಾಫಿ ಅಂಗಡಿ ತೆಗೆದಿರುತ್ತದೆ.

ಇಂತಿ,
ನಿಮ್ಮ ಕಸುಬಿನವನೇ ಒಬ್ಬ